ಎತ್ತಿಗೆ ಹಚ್ಚಿದ ಜೇನುತುಪ್ಪ

ನನ್ನ ಬಲಗೈ ಮತ್ತು ನಮ್ಮ ಮನೆಯ ಎತ್ತು ಒಂದೇ ಮಧ್ಯಾಹ್ನ ಸುಟ್ಟವು. ಎತ್ತಿನ ಹೆಸರು ಹೊನ್ಯಾ. ಉದಗೀರಿನ ದನದ ಸಂತೆಯಿಂದ ತಂದ ದೇವಣಿ ಜಾತಿಯದು, ಬಿಳಿ ಮೈಮೇಲೆ ದೊಡ್ಡ ದೊಡ್ಡ ಕರಿ ಮಚ್ಚೆ. ನನಗಾಗ ಹತ್ತೊಂಬತ್ತು ತುಂಬಿರಬೇಕು. ತುರೋರಿಯ ತವರುಮನೆ ಬಿಟ್ಟು, ಔರಾದ ಶಹಾಜನಿಗೆ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಆಗ ನಿಜಾಮರ ಆಳ್ವಿಕೆ. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾನು ಈಗ ಬರೆಯುತ್ತಿರುವ ಕನ್ನಡ ತವರಿನ ಮಠದ ಅಯ್ಯನವರು ಕಲಿಸಿದ್ದು.

ಸುಟ್ಟ ಗಾಯ ಕಟ್ಟಿಕೊಂಡು ತಿಂಗಳುಗಟ್ಟಲೆ ಮೂಲೆ ಹಿಡಿದವರು ಇದನ್ನು ಓದಲಿ, ಓದಲು ಬಾರದವರು ಯಾರಿಂದಲಾದರೂ ಓದಿಸಿ ಕೇಳಲಿ. ನೋವಿನ ಬಗ್ಗೆ ಅವರಿಗೆ ನಾನು ಹೇಳಬೇಕಾದ್ದಿಲ್ಲ. ಆದರೆ ಆ ದಿನಗಳಲ್ಲಿ ಮನಸ್ಸಿಗೆ ಬರುವ ಸಂಶಯಗಳಿವೆಯಲ್ಲ, ಯಾರಿಗೂ ಹೇಳಲಾಗದಂಥವು, ಅವು ನನಗೂ ಬಂದಿದ್ದವು. ಅದನ್ನು ಹೇಳುತ್ತೇನೆ.

ಸುಗ್ಗಿ ಮುಗಿದಿತ್ತು. ಕೊಟ್ಟಿಗೆಗೆ ತಾಗಿದಂತೆ ಜೋಳದ ಕಣಿಕೆಯ, ಅಂದರೆ ಒಣ ದಂಟಿನ, ಬಣವೆ ಒಟ್ಟಿದ್ದರು. ಮಾವ ಮತ್ತು ನನ್ನ ಗಂಡ ಶಿವರಾಯ ಹೊಲದಲ್ಲಿದ್ದರು, ಅತ್ತೆ ನೀರಿಗೆ ಹೋಗಿದ್ದರು. ನಾನು ಒಳಗೆ ತೊಗರಿಬೇಳೆ ಕೇರುತ್ತಿದ್ದೆ. ಯಾರೋ ಹೊಸ ಬಟ್ಟೆಯನ್ನು ಉದ್ದಕ್ಕೆ ಹರಿದಂತೆ ಸದ್ದಾಯಿತು. ಹೊರಗೆ ಬಂದು ನೋಡಿದರೆ ಬಣವೆ ಹತ್ತಿ ಉರಿಯುತ್ತಿತ್ತು, ಕೊಟ್ಟಿಗೆಯ ಹುಲ್ಲಿನ ಸೂರಿಗೂ ಬೆಂಕಿ ತಗುಲಿತ್ತು. ಎರಡು ಎತ್ತುಗಳಲ್ಲಿ ಒಂದು ಗೂಟ ಕಿತ್ತುಕೊಂಡು ಓಡಿತು. ಹೊನ್ಯಾನ ಹಗ್ಗ ಹೊಸದು, ಹರಿಯಲಿಲ್ಲ. ಕುಡುಗೋಲು ತೆಗೆದುಕೊಂಡು ಒಳಗೆ ನುಗ್ಗಿದೆ. ಹಗ್ಗ ಅರ್ಧ ಕೊಯ್ದಿದ್ದೆನೋ ಇಲ್ಲವೋ, ಮೇಲಿನ ಸೂರು ಕುಸಿದು ಹೊನ್ಯಾನ ಬೆನ್ನಿನ ಮೇಲೆ ಬಿತ್ತು. ನನ್ನ ಬಲಗೈ ಮೊಣಕೈ ತನಕ ಅದರ ಅಡಿ ಸಿಕ್ಕಿತು. ಕೈಯಲ್ಲಿದ್ದ ಬೆಳ್ಳಿ ಕಡಗ ಕಾದು ಚರ್ಮಕ್ಕೆ ಅಂಟಿಕೊಂಡಿತು. ಉಳಿದ ಹಗ್ಗವನ್ನು ಎತ್ತು ತಾನೇ ಜಗ್ಗಿ ಹರಿದುಕೊಂಡು ನನ್ನನ್ನೂ ತಳ್ಳಿಕೊಂಡು ಹೊರಗೆ ಬಂತು.

ಜನ ಸೇರಿದರು. ಯಾರೋ ನನ್ನ ಮುಖಕ್ಕೆ ನೀರು ಹಾಕಿ, "ಯಾರ ಹಚ್ಯಾರ ಯವ್ವಾ, ಯಾರನ್ನರೆ ನೋಡಿದೇನು?" ಎಂದು ಕೇಳಿದರು.

"ಕಂಬಳಿ," ಎಂದೆ. "ಕಂಬಳಿ ಹೊದ್ದಂವಾ."

ಅಷ್ಟು ಹೇಳಿದ್ದು ನೆನಪಿದೆ. ಆಮೇಲೆ ಎಚ್ಚರ ತಪ್ಪಿತು.

ಊರಿಗೆ ಅಷ್ಟು ಸಾಕಾಯಿತು. ಎಂಟು ದಿನದ ಹಿಂದೆ ಮಾಳಪ್ಪನ ಕುರಿಗಳು ನಾವು ಕಿತ್ತು ಗುಡ್ಡೆ ಹಾಕಿದ್ದ ಕಡಲೆಗೆ ಬಾಯಿ ಹಾಕಿದ್ದವು. ಮಾಳಪ್ಪ ಕುರುಬರವನು, ಬೀರಪ್ಪ ದೇವರ ಒಕ್ಕಲು, ನಲವತ್ತು ದಾಟಿದ ಮನುಷ್ಯ, ಊರ ಹೊರಗಿನ ಬಯಲಲ್ಲಿ ಹೆಂಡತಿಯೊಂದಿಗೆ ಕುರಿಹಟ್ಟಿ ಹಾಕಿಕೊಂಡಿದ್ದ. ಮಾವ ನಾಲ್ಕು ಜನರ ಮುಂದೆ ಅವನನ್ನು ಬೈದು, ಅವನ ನಾಯಿಗೆ ಬಡಿಗೆಯಿಂದ ಹೊಡೆದಿದ್ದರು. ಅಂವ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು, "ನೋಡ್ತೀನಿ," ಎಂದಷ್ಟೇ ಹೇಳಿ ಹೋಗಿದ್ದ. ಆ ನೋಡ್ತೀನಿಯೂ ನನ್ನ ಕಂಬಳಿಯೂ ಸೇರಿ ಬೆಂಕಿ ಹಚ್ಚಿದವನು ಮಾಳಪ್ಪನೇ ಎಂದಾಯಿತು. ಮಾವ ಔರಾದಕ್ಕೆ ಹೋಗಿ ಪೊಲೀಸ್ ಅಮೀನನಿಗೆ ಫಿರ್ಯಾದಿ ಬರೆಸಿ ಬಂದರು.

ಮರುದಿನ ನನ್ನನ್ನು ನೆರೆಮನೆಯವರ ಗಾಡಿಯಲ್ಲಿ ಮಲಗಿಸಿ ನಿಲಂಗಾದ ದವಾಖಾನೆಗೆ ಕರೆದೊಯ್ದರು. ಅಲ್ಲಿನ ಪಡಸಾಲೆಯ ಕಲ್ಲುಹಾಸಿನ ಮೇಲೆ ನಮ್ಮ ಸರದಿಗಾಗಿ ಅರ್ಧ ದಿನ ಕೂತೆವು. ಜ್ವರದ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ನನ್ನ ಕೈ ನೋಡಿ, ಆಮೇಲೆ ನನ್ನ ಗಂಡನನ್ನು ನೋಡಿ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕಂಪೌಂಡರ್ ಮರಾಠಿಯಲ್ಲಿ, "ಕೋಣೀ ಜಾಳ್ಲಂ?" ಎಂದು ಕೇಳಿದ. ಯಾರು ಸುಟ್ಟರು ಎಂದು. ನಾನು ಎತ್ತಿನ ಕಥೆ ಹೇಳಿದೆ. ಅಂವ ಶಿವರಾಯನ ಮುಖ ನೋಡುತ್ತಲೇ ಇದ್ದ. ಶಿವರಾಯ ತಲೆ ತಗ್ಗಿಸಿದ. ತಪ್ಪು ಮಾಡದವನು ಯಾಕೆ ತಲೆ ತಗ್ಗಿಸಬೇಕು ಎಂದು ನನಗೂ ಒಂದು ಗಳಿಗೆ ಅನಿಸಿತು. ಆ ಮಧ್ಯಾಹ್ನ ಅಂವ ಹೊಲದಲ್ಲಿದ್ದ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅನಿಸಿತು.

ಡಾಕ್ಟರ್ ಉರ್ದು ಮಾತಾಡುವ ವಯಸ್ಸಾದ ಸಾಹೇಬರು. ಅಂಟಿದ್ದ ಕಡಗ ಬಿಡಿಸಿ, ಬಿಳಿ ಮುಲಾಮು ಹಚ್ಚಿ, ಜಾಳು ಬಟ್ಟೆ ಸುತ್ತಿ, ಎಂಟು ದಿನ ಬಿಟ್ಟು ಬನ್ನಿ ಎಂದರು.

ಅದೇ ಹೊತ್ತಿಗೆ ಮಾವ ಹೊನ್ಯಾನ ಸಲುವಾಗಿ ಉದಗೀರಿಗೆ ಹೋಗಿದ್ದರು. ಅಲ್ಲಿ ಸರಕಾರದ ಸಲೋತ್ರಿ, ಅಂದರೆ ದನದ ಡಾಕ್ಟರ್, ಇದ್ದ. ಎತ್ತಿನ ಬೆನ್ನು ಎಷ್ಟು ಸುಟ್ಟಿದೆ ಎಂದು ಕೇಳಿ ಅಂವ ಒಂದು ಪುಡಿ ಕೊಟ್ಟು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದನಂತೆ. ಪುಡಿ ಹಾಕಿದಲ್ಲಿ ಗಾಯದ ಮೇಲೆ ಗಟ್ಟಿ ಹೆಕ್ಕಳಿಕೆ ಕಟ್ಟಿತು, ಅದರ ಅಡಿಯಲ್ಲಿ ಕೀವು ತುಂಬಿತು. ಹೊನ್ಯಾ ಹಗಲೆಲ್ಲ ಒದರುತ್ತಿತ್ತು. ಬೇವಿನ ಗಿಡದ ಕೆಳಗೆ ಕಟ್ಟಿದ್ದ ಅದು, ನಡುಮನೆಯ ಬಾಗಿಲ ಎದುರಿಗೆ ಮಲಗಿದ್ದ ನಾನು, ಒಬ್ಬರಿಗೊಬ್ಬರು ಕಾಣುವಂತೆಯೇ ಇದ್ದೆವು.

ಮಾಳಪ್ಪ ಬಂದದ್ದು ನಾಲ್ಕನೆಯ ದಿನ. ಕೈಯಲ್ಲಿ ಒಂದು ಮಣ್ಣಿನ ಗಡಿಗೆ.

ಮಾವ ಕಟ್ಟೆಯಿಂದ ಏಳಲಿಲ್ಲ. "ಯಾಕ ಬಂದಿ?" ಎಂದರು.

"ಎತ್ತು ಒದರೋದು ನನ್ನ ಹಟ್ಟಿ ತನಕ ಕೇಳಸ್ತದ್ರಿ ಅಪ್ಪಾ. ಕುರಿ ಸುಟ್ರ ನಾವು ಜೇನತುಪ್ಪ ಹಚ್ತೀವಿ. ಇದಕ್ಕೂ ಹಚ್ಚಿ ನೋಡ್ತೀನಿ."

"ಬೆಂಕಿ ಹಚ್ಚಿದ ಕೈಲೆ ಜೇನತುಪ್ಪ ಹಚ್ತೀ?"

ಮಾಳಪ್ಪ ಗಡಿಗೆ ಕೆಳಗಿಟ್ಟ. "ನನಗ ಬೈರಿ, ಏನರೆ ಅನ್ರಿ. ಖರೆ ಒಂದು ಮಾತದ. ನಾ ಹಚ್ಚೋ ಮುಂದ ನಿಮ್ಮ ಮನ್ಯಾಗಿನ್ ಒಬ್ರು ಎದುರು ಕುಂತು ನೋಡ್ಬೇಕು. ಸುರುವಿಂದ ಕಡೀ ತನಕ. ಯಾರೂ ನೋಡ್ಲಿಲ್ಲಂದ್ರ ನಾ ಎತ್ತಿಗಿ ಕೈ ಹಚ್ಚಂಗಿಲ್ಲ."

ಮಾವ ಬೇವಿನ ಗಿಡದ ಕಡೆ ನೋಡಿದರು. ಎತ್ತು ಮತ್ತೆ ಒದರಿತು. "ಹೆಂಗೂ ಸಾಯ್ತದ," ಎಂದು ಎದ್ದು ಒಳಗೆ ಹೋದರು. ಅದೇ ಒಪ್ಪಿಗೆ.

ನೋಡುವ ಕೆಲಸ ನನಗೆ ಬಂತು. ಬೇರೆ ಯಾವ ಕೆಲಸಕ್ಕೂ ನಾನು ಬರುತ್ತಿರಲಿಲ್ಲ.

ಅತ್ತೆ ನನ್ನ ಕಿವಿಯಲ್ಲಿ, "ಅದ್ರಾಗ ಏನ್ ಕೂಡಸ್ಯಾನೋ ಯಾರಿಗಿ ಗೊತ್ತು. ಮೊದಲು ಅಂವಗೇ ತಿನ್ನಸು," ಎಂದರು. ನಾನು ಮಾಳಪ್ಪನಿಗೆ ನೆಕ್ಕಿ ತೋರಿಸು ಎಂದೆ. ಅಂವ ಬೆರಳದ್ದಿ ಬಾಯಿಗಿಟ್ಟುಕೊಂಡ. ಅದ್ದಿದ ಬೆರಳೇ ಬಾಯಿಗೆ ಹೋಯಿತೋ ಪಕ್ಕದ್ದು ಹೋಯಿತೋ ಎಂದು ನನಗೆ ಸಂಶಯ. ನಾನೇ ಎಡಗೈಯಿಂದ ಒಂದು ಬೇವಿನ ಕಡ್ಡಿ ಅದ್ದಿ ಕೊಟ್ಟೆ. ಅಂವ ಕಡ್ಡಿಯನ್ನು ಪೂರ್ತಿ ನೆಕ್ಕಿ, ಇನ್ನೊಂದು ಕಡ್ಡಿ ಅದ್ದಿ ನನ್ನ ಕಡೆ ಚಾಚಿದ.

"ನೀನೂ ನೆಕ್ಕು ಯವ್ವಾ. ನಾಳಿ ನಾ ಒಬ್ಬನೇ ತಿಂದೀನಿ ಅಂತ ಆಗ್ಬಾರ್ದು."

ನೆಕ್ಕಿದೆ. ಸಣ್ಣ ಜೇನಿನ ತುಪ್ಪ, ಸ್ವಲ್ಪ ಬೇವಿನ ಕಹಿಯಿತ್ತು.

ಅಂವ ಮಾಡಿದ್ದು ಇಷ್ಟು. ಕುದಿಸಿ ಆರಿಸಿದ ನೀರನ್ನು ಹನಿಹನಿಯಾಗಿ ಬಿಟ್ಟು ಹೆಕ್ಕಳಿಕೆ ನೆನೆಸಿದ. ಅದು ತಾನಾಗಿ ಸಡಿಲಾಗುವ ತನಕ ಕಾದ, ಎಳೆಯಲಿಲ್ಲ. ಕೀವು ತೊಳೆದ. ನಮ್ಮ ಅತ್ತೆಯ ಹಳೆಯ ಸೀರೆಯ ತುಂಡುಗಳನ್ನು ಕುದಿಸಿ ಒಣಗಿಸಿ, ಅದರ ಮೇಲೆ ಜೇನುತುಪ್ಪ ದಪ್ಪಗೆ ಸವರಿ, ರೊಟ್ಟಿ ಹಂಚಿಗೆ ಹಾಕುವಷ್ಟು ಮೆತ್ತಗೆ ಬೆನ್ನಿನ ಮೇಲೆ ಹಾಸಿದ. ಮೇಲೆ ಇನ್ನೊಂದು ಒಣ ಬಟ್ಟೆ ಹಾಕಿ ಹೊಟ್ಟೆ ಸುತ್ತಿ ಕಟ್ಟಿದ. ಮೊದಲ ಸಲ ಹಾಸಿದಾಗ ಹೊನ್ಯಾ ನಾಲ್ಕೂ ಕಾಲು ಕೆದರಿತು. ಉರಿಯುತ್ತಿರಬೇಕು. ಆಮೇಲೆ ಸಿಹಿಯ ವಾಸನೆ ಹಿಡಿದು ಕತ್ತು ತಿರುಗಿಸಿ ನೆಕ್ಕಲು ನೋಡಿತು. ಅದಕ್ಕೆ ಮಾಳಪ್ಪ ಕೊರಳ ಎರಡೂ ಬದಿಗೆ ಬಿದಿರಿನ ಕೋಲು ಕಟ್ಟಿ, ಕತ್ತು ಹಿಂದೆ ಬರದಂತೆ ಮಾಡಿದ. ಇರುವೆ ಹತ್ತದಂತೆ ಗೂಟದ ಸುತ್ತ ಬೂದಿಯ ಗೆರೆ ಎಳೆದ. ಬಟ್ಟೆ ಒದ್ದೆಯಾದಂತೆ ಬದಲಿಸಬೇಕು, ಮೊದಮೊದಲು ದಿನಕ್ಕೆ ಎರಡು ಸಲ.

ನಾನು ನೋಡುತ್ತಿದ್ದೆ. ಅವನ ಕೈಗಿಂತ ಹೆಚ್ಚಾಗಿ ಅವನ ಕಣ್ಣನ್ನು. ಸುಟ್ಟ ಕೊಟ್ಟಿಗೆಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ನೋಡಲು ನಾಚಿಕೆ ಎಂದುಕೊಂಡೆ. ಒಂದು ದಿನ ನೋಡಿದ. ಮಾಡಿದ್ದನ್ನು ನೋಡಿ ಸಮಾಧಾನ ಪಡುತ್ತಿದ್ದಾನೆ ಎಂದುಕೊಂಡೆ. ಬೇಗ ಬಂದರೆ ಯಾಕೆ ಬೇಗ, ತಡವಾದರೆ ಎಲ್ಲಿಗೆ ಹೋಗಿದ್ದ. ಮಲಗಿದವಳಿಗೆ ಬೇರೆ ಕೆಲಸವಿಲ್ಲ, ಎಲ್ಲದರಲ್ಲೂ ಒಂದು ಗಂಟು ಹುಡುಕುತ್ತಿದ್ದೆ.

ಒಂದು ದಿನ ಕೇಳಿಯೇ ಬಿಟ್ಟೆ. "ನಿನಗ ಇದ್ರಾಗ ಏನ್ ಬರ್ತದ? ಯಾಕ ಮಾಡ್ಲಾಕತ್ತಿ?"

ಅಂವ ಬಟ್ಟೆ ಹಿಂಡುತ್ತ, "ಎರಡ್ ಕಾರಣ ಅವ," ಎಂದ. "ಮೂಕ ಜೀವ ಒದರೋದು ಕೇಳ್ಲಿಕ್ಕಾಗಂಗಿಲ್ಲ, ಅದೊಂದು. ಎತ್ತು ಸತ್ರ ನನ್ನ ಮ್ಯಾಲ ಬೆಂಕಿ ಹಚ್ಚಿದ್ದೂ ಬರ್ತದ, ಎತ್ತು ಕೊಂದಿದ್ದೂ ಬರ್ತದ. ಒಂದರೆ ಕಡಿಮಿ ಆಗ್ಲಿ."

ಎರಡನೆಯದನ್ನು ನಂಬಿದೆ. ಮೊದಲನೆಯದನ್ನು ನಂಬಲಿಲ್ಲ.

ಈ ನಡುವೆ ನನ್ನ ಕೈ ಕೆಡುತ್ತ ಹೋಯಿತು. ಎರಡನೆಯ ಸಲ ನಿಲಂಗಾಕ್ಕೆ ಹೋದಾಗ ಸುತ್ತಿದ್ದ ಬಟ್ಟೆ ಗಾಯಕ್ಕೆ ಹತ್ತಿಕೊಂಡಿತ್ತು. ಕಂಪೌಂಡರ್ ಅದನ್ನು ಎಳೆದು ಬಿಡಿಸಿದಾಗ ಹೊಸ ಚರ್ಮವೂ ಜೊತೆಗೆ ಬಂತು. ಪಡಸಾಲೆಯಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬಳು, ಬುರ್ಖಾದವಳು, ನನ್ನ ಬಾಯಿಗೆ ತನ್ನ ಸೆರಗಿನ ತುದಿ ಮಡಚಿ ಇಟ್ಟು ಕಚ್ಚು ಎಂದು ಸನ್ನೆ ಮಾಡಿದಳು. ಕಚ್ಚಿದೆ. ಅವಳ ಹೆಸರು ಕೇಳಲಿಲ್ಲ. ಅವಳು ನನಗೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಡಾಕ್ಟರ್ ಸಾಹೇಬರು ಶಿವರಾಯನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಏನೋ ಹೇಳಿದರು. ಒಂದೇ ಮಾತು ಕಿವಿಗೆ ಬಿತ್ತು, "ಕಾಟ್‌ನಾ." ಕತ್ತರಿಸುವುದು. ಗಾಡಿಯಲ್ಲಿ ಬರುತ್ತ ಕೇಳಿದೆ. ಶಿವರಾಯ, "ಅರಿಬಿ ಕತ್ತರಸಬೇಕು ಅಂದ್ರು, ಹರೀಬಾರದಂತ," ಎಂದ. ನನ್ನ ಕಡೆ ತಿರುಗದೆ ಹೇಳಿದ. ಅಂದು ಅವರು ಹೇಳಿದ್ದು ಬಟ್ಟೆಯನ್ನೋ ಕೈಯನ್ನೋ, ನನಗೆ ಈಗಲೂ ಖಾತ್ರಿಯಿಲ್ಲ. ಅಂವ ಸಾಯುವ ತನಕ ಬಟ್ಟೆ ಎಂದೇ ಹೇಳಿದ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಹಾಸಿಗೆಯನ್ನು ನಡುಮನೆಯಿಂದ ಪಡಸಾಲೆಯ ತುದಿಗೆ ಸರಿಸಿದರು. ಗಾಳಿ ಬರಲಿ ಎಂದರು. ನನ್ನ ಕೈಯ ವಾಸನೆ ನನಗೇ ತಿಳಿಯುತ್ತಿತ್ತು, ಅವರಿಗೆ ತಿಳಿಯದೆ ಇರುತ್ತದೆಯೇ. ಮರುದಿನ ಬಾವಿಯಿಂದ ಬರುತ್ತ ನೆರೆಮನೆಯವಳಿಗೆ ಅತ್ತೆ ಹೇಳುತ್ತಿದ್ದುದು ಕೇಳಿಸಿತು: "ನಮ್ಮ ಅಣ್ಣನ ಮಗಳನ್ನ ಕರಸಬೇಕಂತ ಮಾಡೀನಿ. ಕೈ ಚಲೋ ಅವ ಆಕೀವು."

ಅಡಿಗೆಗೆ ಸಹಾಯಕ್ಕೆ ಕರೆಸುವುದೋ, ಮಗನಿಗೆ ಮಾಡಿಕೊಳ್ಳುವುದೋ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಕೈಯಿಲ್ಲದ ಸೊಸೆ ಜೋಳದ ರೊಟ್ಟಿ ಬಡಿಯಲಾರಳು, ಕಣಿಕೆ ಕೊಯ್ಯಲಾರಳು, ತುರೋರಿಗೆ ವಾಪಸು ಹೋಗಬಲ್ಲಳು. ಹಾಸಿಗೆಯ ಮೇಲೆ ಕೂತು ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ.

ಆಗ ಗಮನಿಸಿದೆ: ಹೊನ್ಯಾನಿಂದ ವಾಸನೆ ಬರುತ್ತಿರಲಿಲ್ಲ. ಹಾಗೆ ಆಗಿ ಎಷ್ಟು ದಿನವಾಗಿತ್ತೋ. ನೊಣವೂ ಕಡಿಮೆಯಾಗಿತ್ತು. ಆ ಸಂಜೆ ಬಟ್ಟೆ ಬದಲಿಸುವಾಗ ಹತ್ತಿರ ಹೋಗಿ ನೋಡಿದೆ. ಬಟ್ಟೆ ಗಾಯಕ್ಕೆ ಹತ್ತಿಕೊಳ್ಳದೆ ಜಾರಿ ಬಂತು. ಅಡಿಯಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಒದ್ದೆಯಾಗಿ, ಶುದ್ಧವಾಗಿತ್ತು. ಅಂಚುಗಳಲ್ಲಿ ತೆಳ್ಳಗಿನ ಗುಲಾಬಿ ಚರ್ಮ ಒಳಕ್ಕೆ ಹಬ್ಬುತ್ತಿತ್ತು.

"ನನ್ನ ಕೈಗೂ ಹಚ್ಚು," ಎಂದೆ.

ಮಾಳಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಆಗಂಗಿಲ್ಲ."

"ಎತ್ತಿಗಿ ಹಚ್ಚೀದಿ."

"ಎತ್ತಿಗಿ ಹಚ್ಚಿ ಕೆಟ್ರ ಎತ್ತು ಸಾಯ್ತದ. ನಿನಗ ಹಚ್ಚಿ ಕೆಟ್ರ ನಾ ಸಾಯ್ತೀನಿ. ನಿಮ್ಮ ಮಂದಿ ನನ್ನ ಜೀವಂತ ಬಿಡ್ತಾರೇನು?"

"ನಾ ಯಾರಿಗೂ ಹೇಳಂಗಿಲ್ಲ."

"ನೀ ಒಂದ್ ಸಲ ಹೇಳೀದಿ ಯವ್ವಾ. ಕಂಬಳಿ ಅಂತ."

ಅಂವ ಬಟ್ಟೆಗಳನ್ನು ಒಗೆದು ಹರವಿದ. ಹೋಗುವಾಗ ದಿನಾ ಒಯ್ಯುತ್ತಿದ್ದ ಗಡಿಗೆಯನ್ನು ಅಂದು ಕಟ್ಟೆಯ ಮೇಲೆ ಬಿಟ್ಟ. "ಇದು ಎತ್ತಿಂದು. ಇಲ್ಲೇ ಇರ್ಲಿ, ನನಗ ಹೊರೋದು ಬ್ಯಾಸರ ಆಗ್ಯಾದ," ಎಂದು ನನ್ನ ಕಡೆ ನೋಡದೆ ಹೋದ.

ಮರುದಿನ ಬೆಳಿಗ್ಗೆ ಗಂಡಸರು ಹೊಲಕ್ಕೆ ಹೋದ ಮೇಲೆ ನೀರು ಕುದಿಸಿ ಆರಿಸಿದೆ. ದವಾಖಾನೆಯ ಬಟ್ಟೆಯನ್ನು ಅದರಲ್ಲಿ ನೆನೆಸಿ, ಅದು ತಾನಾಗಿ ಬಿಡುವ ತನಕ ಕೂತೆ. ಜೇನುತುಪ್ಪ ಹಚ್ಚಿದ ಬಟ್ಟೆಯನ್ನು ಇಟ್ಟುಕೊಂಡಾಗ ಹೊನ್ಯಾ ಯಾಕೆ ಕಾಲು ಕೆದರಿತ್ತು ಎಂದು ಗೊತ್ತಾಯಿತು. ಉರಿ ಕಿವಿಯ ತನಕ ಬಂತು. ವಿಷವೇ ಇದ್ದರೂ ಇನ್ನು ಏನೂ ಮಾಡುವಂತಿಲ್ಲ ಎಂದು ಹಲ್ಲು ಕಚ್ಚಿ ಹಿಡಿದೆ. ಆಮೇಲೆ ಉರಿ ಇಳಿಯಿತು. ಗಾಯ ಒಣಗಿ ಬಿಗಿಯುತ್ತಿದ್ದ ನೋವು ಅಷ್ಟು ದಿನಗಳಲ್ಲಿ ಮೊದಲ ಸಲ ಸಡಿಲಾಯಿತು.

ಆದರೆ ಒಂದೇ ಕೈಯಿಂದ ಬಟ್ಟೆ ಕಟ್ಟಲು ಬರುವುದಿಲ್ಲ. ಒಂದು ತುದಿಯನ್ನು ಹಲ್ಲಲ್ಲಿ ಹಿಡಿದು ಇನ್ನೊಂದನ್ನು ಎಳೆಯುತ್ತಿದ್ದೆ, ಅದು ಜಾರುತ್ತಿತ್ತು. ತಲೆ ಎತ್ತಿದರೆ ಅತ್ತೆ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಗಡಿಗೆ ನೋಡಿದರು, ನನ್ನ ಕೈ ನೋಡಿದರು. ಈಗ ಮಾವನನ್ನು ಕೂಗುತ್ತಾರೆ ಎಂದುಕೊಂಡೆ.

ಅವರು ಕೊಡ ಇಳಿಸಿದರು. ಕೈ ಒರೆಸಿಕೊಂಡು ಬಂದು ಎದುರು ಕೂತು, ನನ್ನ ಬಾಯಿಂದ ಬಟ್ಟೆಯ ತುದಿ ತೆಗೆದುಕೊಂಡು ಗಂಟು ಹಾಕಿದರು.

"ಬಿಗಿ ಆಯ್ತೇನು?"

"ಇಲ್ರಿ ಅತ್ತಿ."

"ಗಂಡಸರಿಗಿ ಹೇಳ್ಬ್ಯಾಡ," ಎಂದರು. ಆಮೇಲೆ ಬಾಚಣಿಗೆ ತಂದು, ಅಷ್ಟು ದಿನಗಳಿಂದ ಗಂಟುಗಟ್ಟಿದ್ದ ನನ್ನ ತಲೆಗೂದಲು ಬಿಡಿಸುತ್ತ ಕೂತರು. ಅಣ್ಣನ ಮಗಳ ಮಾತನ್ನು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಆಕೆ ಬರಲೂ ಇಲ್ಲ. ಆ ದಿನ ನನ್ನ ಕಿವಿಗೆ ಬಿದ್ದದ್ದು ಏನು ಎಂದು ನನಗೆ ತಿಳಿಯಲೇ ಇಲ್ಲ.

ಪ್ರತಿದಿನ ಬಟ್ಟೆ ಬದಲಿಸಿದೆವು. ಒಂದು ವಾರಕ್ಕೆ ವಾಸನೆ ಹೋಯಿತು. ಮೂರನೆಯ ಸಲ ನಿಲಂಗಾಕ್ಕೆ ಹೋಗುವ ದಿನ ಜೇನನ್ನು ಚೆನ್ನಾಗಿ ತೊಳೆದು, ಬೇರೆ ಬಟ್ಟೆ ಸುತ್ತಿಕೊಂಡು ಹೋದೆ. ಡಾಕ್ಟರ್ ಸಾಹೇಬರು ಬಿಚ್ಚಿ ನೋಡಿದರು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು.

"ಕ್ಯಾ ಲಗಾಯಾ?" ಏನು ಹಚ್ಚಿದ್ದೀ ಎಂದರು.

"ನಿಮ್ಮ ಮುಲಾಮ್ರಿ," ಎಂದೆ. ಕಂಪೌಂಡರ್ ತಿಳಿಸಿ ಹೇಳಿದ.

ಸಾಹೇಬರು ಬಿಚ್ಚಿದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು. "ಶಹದ್," ಎಂದರು. ಜೇನುತುಪ್ಪ.

ಸುಳ್ಳು ಸಿಕ್ಕಿಬಿದ್ದಿತ್ತು. ಯಾರು ಕೊಟ್ಟರು ಎಂದು ಕೇಳಿದರು. ಹೆಸರು ಹೇಳಿದರೆ ಅದು ಕಚೇರಿಗೆ ಹೋಗುತ್ತದೆ, ಕಚೇರಿಯಿಂದ ಅಮೀನನಿಗೆ ಹೋಗುತ್ತದೆ ಎಂದು ಹೆದರಿದೆ. "ನಮ್ಮ ಎತ್ತಿಂದು ಔಷಧ್ರಿ. ಅದಕ್ಕ ಹಚ್ಚಿದ್ದು ಉಳಿದಿತ್ತು," ಎಂದೆ. ಕಂಪೌಂಡರ್ ನಗಲು ಶುರು ಮಾಡಿದ. ಸಾಹೇಬರು ನಗಲಿಲ್ಲ. ಎತ್ತು ಹೇಗಿದೆ ಎಂದು ಕೇಳಿದರು. ಎದ್ದು ಮೇಯುತ್ತದೆ ಎಂದೆ. ಅವರು ತಮ್ಮ ಮುಲಾಮು ಕೊಡಲಿಲ್ಲ. ಜೇನುತುಪ್ಪವನ್ನು ತೆಳು ಬಟ್ಟೆಯಲ್ಲಿ ಸೋಸಿ ಹಚ್ಚಲು ಹೇಳಿದರು, ಜ್ವರ ಬಂದರೆ ಅದೇ ದಿನ ಬರಬೇಕು ಎಂದರು. ಆ ದಿನ ಹೊರಗೆ ಬರುವಾಗ ಶಿವರಾಯನಿಗೂ ಗೊತ್ತಾಗಿತ್ತು. ಅಂವ ಗಾಡಿ ಹೂಡುತ್ತ, "ನನಗ ಹೇಳಬಾರದಾಗಿತ್ತೇನು?" ಎಂದ. ಕಾಟ್‌ನಾ ಅಂದಿದ್ದು ನೀನು ಹೇಳಿದೆಯಾ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಇದಾಗಿ ನಾಲ್ಕೈದು ದಿನಕ್ಕೆ ಔರಾದದಿಂದ ಪೊಲೀಸ್ ಜಮಾದಾರ ಬಂದ. ಕಟ್ಟೆಯ ಮೇಲೆ ಕೂತು ಕಾಗದ ಬಿಡಿಸಿದ. ಮಾವ ಪಕ್ಕದಲ್ಲಿ. ನಾನು ಬಾಗಿಲ ಮರೆಯಲ್ಲಿ, ಅತ್ತೆ ನನ್ನ ಹಿಂದೆ. ಫಿರ್ಯಾದಿಯಲ್ಲಿ ಬರೆದದ್ದನ್ನು ಓದಿದ: ಸೊಸೆ ಕಣ್ಣಾರೆ ಕಂಡಿದ್ದಾಳೆ, ಕುರುಬರ ಮಾಳಪ್ಪ ಬೆಂಕಿ ಹಚ್ಚಿ ಓಡಿ ಹೋದ.

"ಖರೇನ ಬಾಯಿ?" ಎಂದ ಜಮಾದಾರ, ಮರಾಠಿಯವರು ಹೆಂಗಸರನ್ನು ಕರೆಯುವಂತೆ.

ಮಲಗಿದ್ದ ಅಷ್ಟೂ ದಿನ ಆ ಮಧ್ಯಾಹ್ನವನ್ನು ಸಾವಿರ ಸಲ ನೆನೆಸಿದ್ದೆ. ಹೊಗೆ, ಅದರ ಆಚೆ ಒಂದು ಕಂಬಳಿ. ಓಡುತ್ತಿತ್ತು. ಬಣವೆಯ ಕಡೆಗೆ ಬರುತ್ತಿತ್ತೋ ದೂರ ಹೋಗುತ್ತಿತ್ತೋ? ಮೊದಲ ದಿನಗಳಲ್ಲಿ ದೂರ ಹೋಗುವುದೇ ಕಾಣುತ್ತಿತ್ತು. ಈಚೆಗೆ ಹತ್ತಿರ ಬರುವುದು ಕಾಣತೊಡಗಿತ್ತು. ಕೈ ವಾಸಿಯಾಗುತ್ತಿರುವುದರಿಂದ ನೆನಪು ತಿರುಗಿಕೊಂಡಿತೇ? ಜೇನುತುಪ್ಪದ ಋಣಕ್ಕೆ ನಾನೇ ತಿರುಗಿಸಿಕೊಂಡೆನೇ? ಬೇರೆಯವರನ್ನೆಲ್ಲ ಸಂಶಯಪಟ್ಟಿದ್ದೆ. ಅಂದು ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಕಂಬಳಿ ನೋಡೀನ್ರಿ," ಎಂದೆ. "ಮುಖ ನೋಡಿಲ್ಲ. ಬರ್ಲಾಕತ್ತಿತ್ತೋ ಹೋಗ್ಲಾಕತ್ತಿತ್ತೋ, ನನಗ ಗೊತ್ತಿಲ್ಲ."

ಮಾವ ತಟ್ಟನೆ ತಿರುಗಿದರು. "ಮಾಳಪ್ಪ ಅಂತ ಹೇಳಿದ್ದಿ."

"ಹೆಸರು ನಾ ಹೇಳಿಲ್ರಿ ಮಾವ. ಕಂಬಳಿ ಅಂದೀನಿ. ಹೆಸರು ಮಂದಿ ಹಚ್ಯಾರ."

ಅತ್ತೆ ನನ್ನ ಹಿಂದಿನಿಂದ, ಯಾರಿಗೂ ಹೇಳದಂತೆ, ಗೋಡೆಗೆ ಹೇಳಿದಂತೆ, "ಕಂಬಳಿ ನಮ್ಮ ಮನ್ಯಾಗೂ ಮೂರವ," ಎಂದರು.

ಜಮಾದಾರ ಒಳಗಿನ ಗೂಟಕ್ಕೆ ತೂಗುಹಾಕಿದ್ದ ಮಾವನ ಕಂಬಳಿಯನ್ನು ನೋಡಿದ. ಕಾಗದ ಮಡಚಿದ. ಅದು ಮುಂದೆ ಏನಾಯಿತೋ, ಮತ್ತೆ ಯಾರೂ ಬರಲಿಲ್ಲ. ಮಾವ ಆ ಮಳೆಗಾಲ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಮಾಳಪ್ಪ ಬಂದಾಗ ಅವನಿಗೆ ಸುದ್ದಿ ತಲುಪಿತ್ತು. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆ ಎಂದು ನಾನು ಕಾದಿದ್ದೆ, ಒಪ್ಪಿಕೊಳ್ಳುತ್ತೇನೆ. ಅಂವ ಹೊನ್ಯಾನ ಬಟ್ಟೆ ಬಿಚ್ಚಿದ, ಬೆನ್ನು ನೋಡಿದ, ಮತ್ತೆ ಕಟ್ಟಲಿಲ್ಲ. ಕೊರಳ ಬಿದಿರು ಕೋಲುಗಳನ್ನೂ ತೆಗೆದ. ಗಾಯ ಅಂಗೈಯಷ್ಟು ಉಳಿದಿತ್ತು.

"ಇನ್ನ ಗಾಳೀಗಿ ಒಣಗ್ತದ. ನಾ ಬರೋದಿಲ್ಲ."

"ಜಮಾದಾರಗ ನಾ ಹೇಳೀನಿ," ಎಂದೆ.

"ಕೇಳೀನಿ. ಮೊದಲ್ನೇ ದಿನಾನೇ ಇಷ್ಟು ಹೇಳಿದ್ರ ಆಗ್ತಿತ್ತು." ಅಂವ ಕೈ ತೊಳೆದುಕೊಂಡ. "ಊರ ಹಳ್ಳಕ್ಕ ಇಳೀಬ್ಯಾಡ್ರಿ ಅಂದಾರ ನಮಗ. ಅವತ್ತಿನಿಂದ ನನ್ನ ಹೆಂಡ್ತಿ ನದೀ ತನಕ ಹೋಗಿ ನೀರು ತರ್ಲಾಕತ್ತಾಳ. ಬಸುರಿ ಇದ್ದಾಳ."

ನನಗೆ ಗೊತ್ತಿರಲಿಲ್ಲ. ದಿನಾ ಎದುರು ಕೂತು ಅವನ ಕಣ್ಣು, ಕೈ, ನಡಿಗೆ ಎಲ್ಲ ನೋಡಿದ್ದೆ. ನಾನು ನೋಡುತ್ತಿದ್ದುದು ಅವನು ಬೆಂಕಿ ಹಚ್ಚಿದ್ದನೇ ಇಲ್ಲವೇ ಎಂಬುದನ್ನು. ಬೇರೆ ಏನನ್ನೂ ನೋಡಿರಲಿಲ್ಲ.

"ಖರೇ ಹೇಳು," ಎಂದೆ. "ನೀ ಹಚ್ಚಿದ್ದೇನು?"

ಅಂವ ನನ್ನನ್ನು ನೇರವಾಗಿ ನೋಡಿದ. "ಇಲ್ಲ ಅಂದ್ರ ನಂಬ್ತೀಯೇನು?"

ನಾನು ಯೋಚಿಸಿದೆ. ಸುಳ್ಳು ಹೇಳುವುದು ಸುಲಭವಿತ್ತು. "ಗೊತ್ತಿಲ್ಲ," ಎಂದೆ.

"ಹಂಗಾದ್ರ ಕೇಳಬ್ಯಾಡ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಅವನ ಹಟ್ಟಿ ಅದೇ ವಾರ ನಮ್ಮ ಊರು ಬಿಟ್ಟು ಎದ್ದಿತು.

ಬೆಂಕಿ ಹೇಗೆ ಹತ್ತಿತು ಎಂದು ಇವತ್ತಿನ ತನಕ ಯಾರಿಗೂ ಗೊತ್ತಿಲ್ಲ. ಬೀಡಿಯ ಕಿಡಿಯಿರಬಹುದು, ನಮ್ಮದೇ ಒಲೆಯ ಕೆಂಡವಿರಬಹುದು, ಮನುಷ್ಯನೇ ಇರಬಹುದು. ಹೊನ್ಯಾ ಮುಂದಿನ ಬಿತ್ತನೆಗೆ ನೊಗಕ್ಕೆ ಹೆಗಲು ಕೊಟ್ಟಿತು. ಸುಟ್ಟಲ್ಲಿ ಕರಿ ಮಚ್ಚೆಯ ಮೇಲೂ ಬಿಳಿ ಕೂದಲೇ ಬಂತು. ಗುರುತಿಲ್ಲದವರು ನೋಡಿ ಅದನ್ನು ಬೇರೆ ಎತ್ತು ಎಂದುಕೊಳ್ಳುತ್ತಿದ್ದರು.

ನನ್ನ ಕೈ ವಾಸಿಯಾಗಲು ಮಳೆಗಾಲ ಹಿಡಿಯಿತು. ಮೊದಲ ರೊಟ್ಟಿ ಬಡಿದಾಗ ಅಂಚು ಹರಿದು ಸೊಟ್ಟಗಾಗಿತ್ತು. ಶಿವರಾಯ ಅದನ್ನೇ ಕೇಳಿ ಹಾಕಿಸಿಕೊಂಡು ಉಂಡ. ಗಾಯವಾದವರಿಗೆ ನಾನು ಕೊಡುವ ಬುದ್ಧಿಮಾತು ಯಾವುದೂ ಇಲ್ಲ. ಔಷಧಿ ಕೊಡುವವರ ಮೇಲೆ ನಿಮಗೆ ನಂಬಿಕೆ ಬಾರದಿದ್ದರೆ ನಾಚಿಕೆಪಡಬೇಡಿ, ಎದುರು ಕೂತು ನೋಡಿ. ನೋಡುವಾಗ ಅವರ ಮನೆಯ ನೀರಿನ ಕೊಡ ತುಂಬಿದೆಯೋ ಎಂದೂ ಕೇಳಿ. ನಾನು ಕೇಳಲಿಲ್ಲ.

ಎರಡು ವರ್ಷದ ಮೇಲೆ ಔರಾದದ ವಾರದ ಸಂತೆಯಲ್ಲಿ ಮಾಳಪ್ಪ ಕಂಡ. ಉಣ್ಣೆ ಮಾರಲು ಬಂದಿದ್ದ. ಪಕ್ಕದಲ್ಲಿ ಹೆಂಡತಿ, ಸೊಂಟದ ಮೇಲೆ ಒಂದು ಹೆಣ್ಣು ಕೂಸು. ನಾನೇ ಹತ್ತಿರ ಹೋದೆ. ಆಕೆ ನನ್ನನ್ನು ನೋಡಿ ಮುಖ ತಿರುಗಿಸಿದಳು. ಅದು ಸರಿಯೇ. ಮಾಳಪ್ಪ ಕೈ ಚಾಚಿದ. ಕೈ ತೋರಿಸು ಎಂದು ಕೇಳುತ್ತಿದ್ದಾನೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತೋಳಿನ ಮೇಲಿನ ಸೆರಗು ಸರಿಸಿ ಕೊಟ್ಟೆ. ಎತ್ತಿಗೆ ಅಷ್ಟು ದಿನ ಔಷಧಿ ಮಾಡಿದವನು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ದನದ ಮೈ ನೋಡುವಂತೆ ತಿರುಗಿಸಿ, ಒತ್ತಿ, ಚರ್ಮ ಎಳೆದು ನೋಡಿದ.

"ಬೆರಳು ಮಡಚು," ಎಂದ.

ಮಡಚಿದೆ.

"ಬಿಚ್ಚು."

ಮೂರು ಬೆರಳು ಬಿಚ್ಚಿದವು. ಕಿರುಬೆರಳು ಮತ್ತು ಅದರ ಪಕ್ಕದ್ದು ಅರ್ಧಕ್ಕೇ ನಿಂತವು. ಗಾಯ ಮಾಯುವಾಗ ನೋವಾಗುತ್ತದೆಂದು ಅವನ್ನು ಮಡಚಿಯೇ ಇಟ್ಟುಕೊಂಡಿದ್ದೆ, ಚರ್ಮ ಹಾಗೇ ಕೂಡಿಕೊಂಡಿತ್ತು.

ಮಾಳಪ್ಪ ಆ ಎರಡು ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತ. ಹೆಂಡತಿ ಒಮ್ಮೆ ಕರೆದಳು, ಅಂವ ಕೇಳಿಸಿಕೊಳ್ಳಲಿಲ್ಲ.

"ದಿನಾ ಬೆರಳು ಬಿಚ್ಚಿ ಬಿಚ್ಚಿ ಕಟ್ಟಬೇಕಿತ್ತು," ಎಂದ. "ಎತ್ತಿಗಿ ಬೆರಳ ಇರಂಗಿಲ್ಲ ನೋಡು. ನನಗ ಹೊಳೀಲೇ ಇಲ್ಲ."